ಸೋಸುವ ಕಂಬ ಮತ್ತು ನನ್ನ ಎರಡು ಹಲ್ಲು

ದ್ರವ್ಯಕ್ಕೆ ನಾಶವಿಲ್ಲ, ಅದು ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಅಷ್ಟೇ. ಈ ಮಹಾಸತ್ಯವನ್ನು ರಾಯಚೂರಿನ ತರಗತಿಗಳಲ್ಲಿ ಸೀಮೆಸುಣ್ಣ ಹಿಡಿದು ನಾನು ಬಹಳ ವರ್ಷ ಗಂಭೀರವಾಗಿ ಬೋಧಿಸಿದ್ದೇನೆ. ದೇವದುರ್ಗದ ಕಡೆಯ ಒಂದು ಊರಿನಲ್ಲಿ ನನ್ನ ಮೇಲ್ದವಡೆಯ ಎರಡು ಹಲ್ಲುಗಳು ಮಾತ್ರ ಈ ನಿಯಮಕ್ಕೆ ಬದ್ಧವಾಗಲಿಲ್ಲ. ಉದುರಿಸಿದವನೇ ಹುಡುಕಿದರೂ ಸಿಗಲಿಲ್ಲ.

ನಮ್ಮ ಕಸುಬು ಕ್ರಿಯಾಶೀಲ ವಸ್ತುಗಳನ್ನು ತಯಾರಿಸುವುದು. ಕ್ರಿಯಾಶೀಲ ವಸ್ತು ಎಂದರೆ ಒಪ್ಪಿಸಿದ ಕೆಲಸವನ್ನು ಮತ್ತೆ ಮತ್ತೆ ನೆನಪಿಸದೆ ಮಾಡುವ ಪುಡಿ. ಈ ಗುಣ ನಮ್ಮ ರಸಾಯನಶಾಸ್ತ್ರ ವಿಭಾಗದ ಸಿಬ್ಬಂದಿಯಲ್ಲಿ ಕಾಣದಿದ್ದುದರಿಂದ ನಾವು ಅದನ್ನು ಪುಡಿಯಲ್ಲಿ ಹುಡುಕಬೇಕಾಯಿತು. ನಮ್ಮ ಪುಡಿಗೆ ಒಪ್ಪಿಸಿದ ಕೆಲಸ ಒಂದೇ: ಬೋರಿನ ನೀರಿನಲ್ಲಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡನ್ನು ಹಿಡಿದು, ಉಳಿದ ನೀರನ್ನು ಮುಂದೆ ಬಿಡುವುದು.

ನನ್ನ ಮಾರ್ಗದರ್ಶನದಲ್ಲಿ ಈ ಕೆಲಸ ಕೈಗೆತ್ತಿಕೊಂಡಿದ್ದ ಸಂಶೋಧಕಿಗೆ ವಿಷಯವನ್ನು ಯಾರೂ ವಿವರಿಸಬೇಕಿರಲಿಲ್ಲ. ಅವಳು ಹುಟ್ಟಿದ್ದೇ ಅಂಥ ನೀರಿನ ಊರಿನಲ್ಲಿ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ನಗುವಾಗ ಸೆರಗಿನ ತುದಿ ಬಾಯಿಗೆ ಹೋಗುತ್ತಿತ್ತು. ತಂದೆ ತಾಯಿ ಕೂಲಿ ಮಾಡಿ ಓದಿಸಿದ್ದರು. ಮಹಾಪ್ರಬಂಧ ಸಲ್ಲಿಸಲು ಅವಳಿಗೆ ಉಳಿದಿದ್ದದ್ದು ಒಂದೇ ವರ್ಷ. ಮೂರು ಅಧ್ಯಾಯ ಸಿದ್ಧವಿದ್ದವು. ನಾಲ್ಕನೆಯದಕ್ಕೆ, ಪುಡಿ ನಿಜವಾದ ಊರಿನಲ್ಲಿ, ನಿಜವಾದ ನೀರಿನಲ್ಲಿ, ತಿಂಗಳುಗಟ್ಟಲೆ ಕೆಲಸ ಮಾಡಿತೆಂಬ ಪುರಾವೆ ಬೇಕಿತ್ತು. ಅದಿಲ್ಲದೆ ಪ್ರಬಂಧ ಬೇಡ ಎಂದು ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿ ಬರೆದುಕೊಟ್ಟಿತ್ತು.

ಕಚ್ಚಾ ಮಾಲು ಮಾನ್ವಿಯದು. ಅಲ್ಲಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟನ್ನೇ ಬಾಯ್ಲರಿಗೆ ಉರುವಲಾಗಿ ಹಾಕುತ್ತಾರೆ. ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ನಮ್ಮ ಪುಡಿಗೆ ಮೂಲ ಅದೇ. ನಾವಿಬ್ಬರೂ ಚೀಲ ಹಿಡಿದು ಹೋದಾಗ ಬಾಯ್ಲರ್ ನೋಡಿಕೊಳ್ಳುವವನು ಮೊದಲಿಗೆ ಬಹಳ ಸಂತೋಷಪಟ್ಟ.

"ಒಯ್ರಿ ಸಾಬ್, ಲಾರಿ ತುಂಬ ಒಯ್ರಿ. ಎಲ್ಲಿ ಚೆಲ್ಲಬೇಕು ಅಂತ ಮಾಲಕ್ರು ದಿನಾ ನನ್ನ ತಲಿ ತಿಂತಾರ."

"ಕರೀದು ಬ್ಯಾಡ್ರಿ. ಬೆಳ್ಳಂದು ಅಷ್ಟ ಬೇಕು," ಎಂದಳು ಸಂಶೋಧಕಿ. ಕಪ್ಪು ಬೂದಿಯಲ್ಲಿ ಸುಡದ ಇಂಗಾಲ ಉಳಿದಿರುತ್ತದೆ.

"ಬೂದಿಯಾಗೂ ಕರೀದು ಬೆಳ್ಳಂದು ನೋಡ್ತೀರಿ? ಹೆಣ್ಣು ನೋಡಾಕ ಬಂದೀರೇನ್ರಿ?" ಎಂದು ಅವನು ಸಲಿಕೆಯನ್ನು ಅವಳ ಕೈಗೇ ಕೊಟ್ಟು ಬೀಡಿ ಹಚ್ಚಿದ.

ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಸಿ, ತಿಳಿಗೆ ಹನಿಹನಿಯಾಗಿ ಆಮ್ಲ ಬಿಡಬೇಕು. ಹನಿ ಹೆಚ್ಚಾದರೆ ಮೊಸರಿನಂತೆ ಒಡೆಯುತ್ತದೆ, ಸರಿಯಾದರೆ ಆರಿದ ಗಂಜಿಯಂತೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಉಪ್ಪು ಹೋಗುವವರೆಗೆ ತೊಳೆದು, ಅಲ್ಯೂಮಿನಿಯಮ್ ಲವಣ ಬೆರೆಸಿ, ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಒತ್ತಡದಲ್ಲಿ ಬೇಯಿಸಿ, ಒಣಗಿಸಿದರೆ ಜೋಳದ ನುಚ್ಚಿನಷ್ಟು ಗಾತ್ರದ ಬಿಳಿ ಕಾಳು ಬರುತ್ತದೆ. ನಮ್ಮ ಪುಡಿ ಎಂದರೆ ಇದೇ. ಕಾಳಿನ ಮೈಮೇಲಿನ ಅಲ್ಯೂಮಿನಿಯಮ್ಮು ಫ್ಲೋರೈಡನ್ನು ಹಿಡಿಯುತ್ತದೆ.

ಉಕ್ಕಿನ ಪಾತ್ರೆಯನ್ನು ಹೊರಗಿನಿಂದ ತರಿಸಿದರೆ ತಿಂಗಳುಗಳು ಹಿಡಿಯುತ್ತವೆಂದು ರಾಯಚೂರಿನ ಒಬ್ಬ ಲೇತ್ ಮೇಸ್ತ್ರಿಯಿಂದ ಮಾಡಿಸಿದೆವು. ಆತ ದಪ್ಪ ಗೋಡೆ, ಆರು ಬೋಲ್ಟು, ಮುಚ್ಚಳದ ಸಂದಿಯಲ್ಲಿ ಆವಿ ಸೋರದಂತೆ ಒಳ್ಳೆಯ ಗ್ಯಾಸ್ಕೆಟ್ಟು ಕೂರಿಸಿಕೊಟ್ಟ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದೆಂಬ ನಿಯಮವನ್ನು ಗೋಡೆಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ಕಾಳು ಬೇಗ ಬೇಕಾದ ಒಂದು ಬೆಳಿಗ್ಗೆ ಆ ದಪ್ಪಕ್ಷರದ ಕೆಳಗೇ ನಿಂತು, "ಇನ್ನೊಂದು ಲೋಟ ಹಿಡೀತದ, ಹಾಕು" ಎಂದೆ.

"ನಿಯಮ ನೀವ ಬರದೀರಿ ಸರ."

"ಬರೆದವನು ನಾನೇ ಹೇಳ್ತಾ ಇದ್ದೇನಲ್ಲ."

ಮೂರನೆಯ ಗಂಟೆಗೆ ಪಾತ್ರೆ ಒಡೆಯಿತು. ಮುಚ್ಚಳ ಫ್ಯಾನಿನ ಒಂದು ರೆಕ್ಕೆಯನ್ನು ಕತ್ತರಿಸಿಕೊಂಡು ತಗಡಿನ ಮಾಡು ಸೀಳಿ ಹೊರಗೆ ಹೋಯಿತು. ಒಂದು ಬೋಲ್ಟು ಕಪಾಟಿನ ಗಾಜು ತೂರಿ ನನ್ನ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನಲ್ಲಿ ನಿಂತಿತು. ಅವುಗಳಿಂದ ಜಗತ್ತಿಗೆ ಆದ ಏಕೈಕ ಉಪಕಾರ ಅದು. ಕುದಿಯುವ ಗಂಜಿ ಗೋಡೆಗೆ, ನೆಲಕ್ಕೆ, ಸಂಶೋಧಕಿಯ ಬಲ ಮುಂಗೈಗೆ ಬಿತ್ತು. ಅವಳ ಚರ್ಮ ನನ್ನ ಕಣ್ಣೆದುರಿಗೇ ಬಿಳಿಚಿ ಸುಲಿಯಿತು. ನಲ್ಲಿಯ ಕೆಳಗೆ ಕೈ ಹಿಡಿಸಿ ನಾನು ಏನೇನೋ ಕೂಗುತ್ತಿದ್ದೆ.

"ಸರ, ಬೈಯಾಕತ್ತೀರೇನು? ಬಾಯಿ ಅಷ್ಟ ಕಾಣ್ತದ, ಏನೂ ಕೇಳವಲ್ದು," ಎಂದಳು.

ಅವಳ ಎಡಗಿವಿ ಹತ್ತು ದಿನ ಕೇಳಲಿಲ್ಲ. ಮುಂಗೈಯ ಗುರುತು ಈಗಲೂ ಇದೆ. ವರದಿಯಲ್ಲಿ ನಾನು 'ಗ್ಯಾಸ್ಕೆಟ್ ದೋಷ' ಎಂದು ಬರೆದೆ. ಮೇಸ್ತ್ರಿಗೆ ವಿಭಾಗದ ಕೆಲಸ ನಿಂತಿತು. ಸಾಕ್ಷಿಯ ಜಾಗದಲ್ಲಿ ಅವಳು ಎಡಗೈಯಲ್ಲಿ ರುಜು ಹಾಕಿದಳು.

ಬೇಸಿಗೆಯ ಆರಂಭಕ್ಕೆ ಬೇಕಾದಷ್ಟು ಕಾಳು ಕೂಡಿತು. "ನಮ್ಮೂರಿಗೇ ಹಾಕ್ರಿ ಸರ" ಎಂದು ಅವಳು ಹಟ ಹಿಡಿದಳು. ಆ ಊರಿನಲ್ಲಿ ಕಟ್ಟೆಯ ಮೇಲೆ ಒಂದು ಸಿಮೆಂಟಿನ ಟ್ಯಾಂಕಿದೆ. ಬೋರಿನಿಂದ ನೀರು ಅದಕ್ಕೆ ಏರುತ್ತದೆ, ಅಲ್ಲಿಂದ ಕೆಳಗಿನ ನಲ್ಲಿಗೆ ಬರುತ್ತದೆ. ಟ್ಯಾಂಕಿಗೂ ನಲ್ಲಿಗೂ ನಡುವೆ ಆಳೆತ್ತರದ ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿ, ಅದರಲ್ಲಿ ನಮ್ಮ ಕಾಳು ತುಂಬಿದೆವು. ಊರವರು ಅದನ್ನು ಕಂಬ ಎಂದರು. ನೀರು ಬಿಡುವ ವಾಟರ್‌ಮ್ಯಾನ್ ಅವಳ ಸೋದರಮಾವ. ಅವನ ತಂದೆಯೂ ಅದೇ ಕೆಲಸ ಮಾಡಿದವನು. ಕಂಬಕ್ಕೆ ಹಾರ ಹಾಕಿದವನೂ, ಕಾಯಿ ಒಡೆದವನೂ ಅವನೇ.

ಅಂಥ ಹೊತ್ತಿನಲ್ಲಿ ನನ್ನಂಥವರ ಕೈಗೆ ಮೈಕು ಕೊಡಬಾರದು. ಕೊಟ್ಟರು. ಭಾಷಣ ಮುಗಿಯುವ ಹೊತ್ತಿಗೆ ವಾಟರ್‌ಮ್ಯಾನ್ ಕೈಕಟ್ಟಿ ಕೇಳಿದ: "ಸರ, ಎಂಥಾ ನೀರು ಬಿಟ್ರೂ ನಡೀತದೇನ್ರಿ ಇದು?"

"ಎಂಥಾದ್ದಾದರೂ ಬಿಡಪ್ಪಾ," ಎಂದೆ ಮೈಕಿನಲ್ಲಿ. "ಮೇಲೆ ಹಾಲಾಹಲ ಬಿಟ್ಟರೂ ಕೆಳಗೆ ಅಮೃತ ಬರುತ್ತದೆ."

ಚಪ್ಪಾಳೆ ಬಿತ್ತು. ಸಂಶೋಧಕಿ ನನ್ನನ್ನೇ ನೋಡಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಮುಂದಿನ ಮೂರು ತಿಂಗಳು ವಾರಕ್ಕೊಮ್ಮೆ ಅವಳು ಬಸ್ಸಿನಲ್ಲಿ ಹೋಗಿ ಎರಡು ಬಾಟಲಿ ನೀರು ತರುತ್ತಿದ್ದಳು, ಒಂದು ಟ್ಯಾಂಕಿನದು, ಒಂದು ನಲ್ಲಿಯದು. ಟ್ಯಾಂಕಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಮೂರು ಮಿಲಿಗ್ರಾಂ ಆಚೀಚೆ, ನಲ್ಲಿಯ ನೀರಿನಲ್ಲಿ ಒಂದಕ್ಕಿಂತ ಕಡಿಮೆ. ನಾಲ್ಕನೆಯ ಅಧ್ಯಾಯ ತಾನೇ ಬರೆದುಕೊಳ್ಳುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಯ ಮಧ್ಯಾಹ್ನ ಅವಳ ತಾಯಿಯ ಫೋನು ಬಂತು.

"ಯವ್ವಾ, ಮುಂಜಾನಿ ನಳದ ನೀರು ಕುಡದವ್ರ ಬಾಯೆಲ್ಲಾ ಸುಟ್ಟಾವ. ವಾಂತಿ ಮಾಡಾಕತ್ತಾರ. ನೀ ಬರಬ್ಯಾಡ. ನಿಮ್ಮ ಸರನೂ ಬರಬಾರ್ದು ಅಂತ ಹೇಳು."

ಬರಬೇಡ ಎಂದ ಮೇಲೆ ಹೋಗದಿರುವುದು ಹೇಗೆ? ಕಾರಿನಲ್ಲಿ ಹೊರಟೆವು. ಅಷ್ಟರೊಳಗೆ ಏಳು ಜನರನ್ನು, ಅವರಲ್ಲಿ ಮೂವರು ಮಕ್ಕಳು, ದೇವದುರ್ಗದ ಆಸ್ಪತ್ರೆಗೆ ಸಾಗಿಸಿದ್ದರು.

ಊರ ಬಾಗಿಲಲ್ಲೇ ಮೊದಲ ಕಲ್ಲು ಮುಂದಿನ ಗಾಜಿಗೆ ಬಿತ್ತು. ಗಾಜು ಒಡೆಯಲಿಲ್ಲ, ಪೂರ್ತಿ ಬಿರುಕು ಬಿಟ್ಟು ಬೆಳ್ಳಗಾಯಿತು. ಏನೂ ಕಾಣದೆ ಕಾರು ಚರಂಡಿಗೆ ಇಳಿಯಿತು. ಬಾಗಿಲು ನಾನು ತೆಗೆಯಲಿಲ್ಲ, ಅವರೇ ತೆಗೆದರು. ಕೊರಳಪಟ್ಟಿ ಹಿಡಿದು ಟ್ಯಾಂಕಿನವರೆಗೆ ಎಳೆದುಕೊಂಡು ಹೋದರು. ಒಂದು ಚಪ್ಪಲಿ ದಾರಿಯಲ್ಲಿ ಉಳಿಯಿತು.

"ವಿಷ ಹಾಕ್ಯಾನ ಮಗ!"

"ನಮ್ಮ ಮಕ್ಕಳ ಮ್ಯಾಲೆ ಪರೀಕ್ಷಾ ಮಾಡಾಕ ಬಂದಿಯೇನಲೇ?"

"ಬಾಯಿ ತಗಿ. ಈ ನೀರು ನಿನಗ ಕುಡಸ್ತೀವಿ, ತಗಿ ಬಾಯಿ!"

ಮೂವತ್ತು ವರ್ಷ ಮಾತಾಡಿ ಬದುಕಿದವನಿಗೆ ಒದೆ ಬೀಳುವಾಗಲೂ ಮಾತೇ ನೆನಪಾಗುತ್ತದೆ. ಕೈ ಎತ್ತಿ, ಇಂಥ ಸಂದರ್ಭದಲ್ಲಿ ನಾವು ವೈಜ್ಞಾನಿಕ ಮನೋಭಾವ ಕಳೆದುಕೊಳ್ಳಬಾರದು ಎಂದು ಶುರುಮಾಡಿದೆ. 'ವೈಜ್ಞಾನಿಕ ಮನೋ' ಎನ್ನುವವರೆಗೆ ಹೋದೆ. 'ಭಾವ' ಹೊರಗೆ ಬರುವ ಮೊದಲು ಯಾರದೋ ಮೊಣಕೈ ಒಳಗೆ ಬಂತು. ಬಾಯ್ತುಂಬ ಬಿಸಿ ರಕ್ತ. ಮಂಡಿಯೂರಿ ಕುಳಿತೆ, ಬೆನ್ನಿಗೆ, ಪಕ್ಕೆಗೆ ಕಾಲುಗಳು ಬೀಳುತ್ತಲೇ ಇದ್ದವು.

ಅಲ್ಲಿಂದಲೇ ಕಂಡಿದ್ದು: ವಾಟರ್‌ಮ್ಯಾನ್ ಎರಡೂ ಕೈಯಲ್ಲಿ ಕಬ್ಬಿಣದ ಹಾರೆ ಎತ್ತಿ ಕಂಬಕ್ಕೆ ಹೊಡೆಯುತ್ತಿದ್ದ. ಮೊದಲ ಏಟಿಗೆ ಕೊಳವೆ ಸೀಳಿತು, ಎರಡನೆಯದಕ್ಕೆ ನೀರೂ ಬಿಳಿ ಕಾಳೂ ಚಿಮ್ಮಿದವು, ಮೂರನೆಯದಕ್ಕೆ ಮುರಿದು ಬಿತ್ತು. ಅವನು ಆಮೇಲೂ ಹೊಡೆದ. ಬಿದ್ದದ್ದನ್ನು, ತುಂಡಾದದ್ದನ್ನು, ಹಾಕಿದ್ದ ಹಾರದ ಒಣ ದಾರವನ್ನು, ಕೊನೆಗೆ ಬರಿಯ ನೆಲವನ್ನು. ತಾನೇ ಕಾಯಿ ಒಡೆದ ಕಂಬದ ನೀರಿಗೆ ಊರಿನ ಬಾಯಿ ಸುಟ್ಟಿತ್ತು.

ಹೆಂಗಸರು ಸಂಶೋಧಕಿಯ ಜಡೆ ಹಿಡಿದಿದ್ದರು. ಒಬ್ಬ ಮುದುಕಿ ಪೊರಕೆಯಿಂದ ಬಾರಿಸುತ್ತ, "ಓದಿ ಬಂದು ಊರಿಗೇ ವಿಷ ಹಾಕಿದೆಲ್ಲ ಬೇ! ನನ್ನ ಮೊಮ್ಮಗಳ ನಾಲಿಗಿ ನೋಡು ಹೋಗು!" ಎಂದು ಅಳುತ್ತಿದ್ದಳು. ತಾಯಿ ಮಗಳ ಮೇಲೆ ಬೋರಲು ಬಿದ್ದು ಏಟುಗಳನ್ನು ತನ್ನ ಬೆನ್ನಿಗೆ ತೆಗೆದುಕೊಂಡಳು. ಆ ತಾಯಿಯ ಕೆಳಗಿನಿಂದ ಒಂದು ಸುಟ್ಟ ಗುರುತಿನ ಕೈ ಹೊರಗೆ ಬಂತು. ಅದರಲ್ಲಿ ಬಾಟಲಿ ಇತ್ತು. ಮುರಿದ ಕಂಬದಿಂದ ಹರಿಯುತ್ತಿದ್ದ ನೀರಿಗೆ ಅದನ್ನು ಹಿಡಿದು, ತುಂಬಿಸಿ, ಮುಚ್ಚಳ ತಿರುಗಿಸಿ ಒಳಗೆ ಹೋಯಿತು. ಪೊಲೀಸರು ಬಂದು ಜನ ಚೆದುರಿದ ಮೇಲೆ ಕಟ್ಟೆ ಹತ್ತಿ ಟ್ಯಾಂಕಿನದೂ ಒಂದು ಬಾಟಲಿ ತುಂಬಿಕೊಂಡಳು.

ದೇವದುರ್ಗದ ಆಸ್ಪತ್ರೆಯಲ್ಲಿ ಹೊಡೆದವರೂ, ಹೊಡೆಸಿಕೊಂಡವರೂ, ನೀರು ಕುಡಿದವರೂ ಒಂದೇ ಪಡಸಾಲೆಯಲ್ಲಿ ಕುಳಿತೆವು. ಏಳೂ ಜನ ಸಂಜೆಗೆ ಮನೆಗೆ ಹೋದರು. ಬಾಯಿ ಹುಣ್ಣು ವಾರ ಹಿಡಿಯಿತು. ನನಗೆ ತುಟಿಗೆ ನಾಲ್ಕು ಹೊಲಿಗೆ. ಎರಡನೆಯ ದಿನ ಸಮಿತಿಯ ಪತ್ರ ಬಂತು: ಊರಿನ ಕೆಲಸ ನಿಲ್ಲಿಸಿ, ಕಾರಣವನ್ನು ಹದಿನೈದು ದಿನದಲ್ಲಿ ಬರೆದು ತಿಳಿಸಿ, ಇಲ್ಲವಾದರೆ ಪ್ರಬಂಧವನ್ನು ಸ್ವೀಕರಿಸಲಾಗದು.

ಪ್ರಯೋಗಾಲಯದಲ್ಲಿ ಅವಳು ಎರಡು ಬಾಟಲಿಗಳಿಗೂ ಕ್ಷಾರ ತೋರಿಸುವ ಕಾಗದ ಅದ್ದಿದಳು. ಎರಡೂ ಕಡುನೀಲಿಯಾದವು. ಎಲೆಕ್ಟ್ರೋಡಿನ ಕಡ್ಡಿ ಅದ್ದಿ ಫ್ಲೋರೈಡ್ ಅಳೆದಳು. ಕಂಬದೊಳಕ್ಕೆ ಹೋದ ನೀರಿನಲ್ಲಿ ಇದ್ದದ್ದಕ್ಕಿಂತ ಹೊರಕ್ಕೆ ಬಂದ ನೀರಿನಲ್ಲಿ ಮೂರು ಪಟ್ಟು ಹೆಚ್ಚಿತ್ತು. ಹಿಡಿಯಬೇಕಾದ ಪುಡಿ ಹಿಡಿದದ್ದನ್ನೆಲ್ಲ ಒಮ್ಮೆಗೇ ಉಗುಳಿತ್ತು.

"ಕ್ಷಾರ ಇದ್ದರೆ ಎಲೆಕ್ಟ್ರೋಡು ಸುಳ್ಳು ಹೇಳುತ್ತೆ," ಎಂದೆ. ಹೊಲಿಗೆಯಿಂದಾಗಿ ನನಗೇ ಅರ್ಥವಾಗದಂತೆ ಕೇಳಿಸಿತು.

"ಕ್ಷಾರ ತಗ್ಗಸಾಕ ಬಫರ್ ಹಾಕೀನ್ರಿ ಸರ. ಮೂರು ಸಲ ನೋಡೀನಿ."

ಟ್ಯಾಂಕಿನ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿತ್ತು. ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಸುಣ್ಣ. ವರ್ಷಾ ಮಣ್ಣೆತ್ತಿನ ಅಮಾಸಿ ಮುಂದ ಮಾವ ಟ್ಯಾಂಕ್ ತೊಳದು ಒಳಗ ಸುಣ್ಣಾ ಹೊಡೀತಾನ್ರಿ. ಅವರಪ್ಪನ ಕಾಲದಿಂದ ನಡದದ. ಮೊದಲ್ನೇ ಟ್ಯಾಂಕ್ ನೀರು ಚೆಲ್ತಾರ, ದನಕ್ಕೂ ಕುಡಸಂಗಿಲ್ಲ. ಆಮ್ಯಾಲಿನ ನೀರ ಊರಿಗೆ."

"ಈ ಸಲ ಯಾಕೆ ಚೆಲ್ಲಲಿಲ್ಲ?"

ಅವಳು ನನ್ನನ್ನು ನೋಡಿದಳು. ಮೈಕು ಹಿಡಿದಿದ್ದಾಗ ನೋಡಿದ್ದಳಲ್ಲ, ಅದೇ ನೋಟ. ಅದು ಮೆಚ್ಚುಗೆಯಲ್ಲ ಎಂದು ಈಗ ತಿಳಿಯಿತು.

"ಚೆಲ್ಲೋದ್ಯಾಕ್ರಿ ಸರ? ಹಾಲಾಹಲ ಬಿಟ್ರೂ ಅಮೃತ ಬರ್ತದಲ್ರಿ."

ನಾನು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದೆ.

"ಮಾವನ ಹೆಸರು ಬರದ್ರ ಊರು ಅವನ ಕೈಕಾಲು ಮುರೀತದ. ನಮ್ಮನ್ನ ಹೆಂಗ ಬಡದ್ರು ನೋಡೀರಲ್ಲ, ನಾವು ಈಗ ಊರ ಹೊರಗಿರಾವ್ರು, ಬಿಟ್ರು. ಅವನ್ನ ಬಿಡಂಗಿಲ್ಲ. ಬರೀದಿದ್ರ ಕಾರಣ ಇಲ್ಲ, ಕಾರಣ ಇಲ್ಲಂದ್ರ ನನ್ನ ಐದು ವರ್ಷ ಇಲ್ಲ." ಮುಂಗೈಯ ಗುರುತನ್ನು ಸವರಿಕೊಂಡಳು. "ಈ ಸಲಾನೂ ಗ್ಯಾಸ್ಕೆಟ್ ಅಂತ ಬರಿಯೋಣೇನ್ರಿ ಸರ?"

ಮೊಣಕೈಯ ಏಟಿಗಿಂತ ಅದು ಜೋರಾಗಿ ಬಿತ್ತು. ಒಂದು ದಿನ ಪೂರ್ತಿ ನಾನು ಏನೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ವರದಿ ಬರೆದೆ, ಒಂದೂವರೆ ಪುಟ. ಟ್ಯಾಂಕಿಗೆ ಸುಣ್ಣ ಹೊಡೆಯುವುದು ಊರಿನ ಹಳೆಯ, ಸರಿಯಾದ ಪದ್ಧತಿ. ಅದನ್ನು ವಿಚಾರಿಸದೆ ಕಂಬ ನಿಲ್ಲಿಸಿದ್ದು ಮತ್ತು ಎಂಥ ನೀರನ್ನಾದರೂ ಬಿಡಬಹುದೆಂದು ಸಾರ್ವಜನಿಕವಾಗಿ ಸೂಚನೆ ಕೊಟ್ಟಿದ್ದು ಮಾರ್ಗದರ್ಶಕನಾದ ನಾನು. ಆ ಸೂಚನೆಯನ್ನು ಪಾಲಿಸಿದ್ದರಿಂದ ಜನರಿಗೆ ಪೆಟ್ಟಾಯಿತು. ಎರಡನೆಯ ಪುಟದ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹಿಂದಿನ ಸ್ಫೋಟಕ್ಕೂ ಗ್ಯಾಸ್ಕೆಟ್ ಕಾರಣವಲ್ಲ, ಮಿತಿ ಮೀರಿ ತುಂಬಲು ನಾನೇ ಹೇಳಿದ್ದೆ. ಫಲವಾಗಿ ಎರಡು ವರ್ಷ ಹೊಸ ಸಂಶೋಧಕರನ್ನು ತೆಗೆದುಕೊಳ್ಳದಂತೆ ನನಗೆ ಆದೇಶವಾಯಿತು. ಲೇತ್ ಮೇಸ್ತ್ರಿಯ ಅಂಗಡಿಗೆ ಹೋಗಿ ಹೇಳಿದಾಗ ಆತ ಯಂತ್ರ ನಿಲ್ಲಿಸದೆಯೇ, "ನನಗ ಗೊತ್ತಿತ್ತು ಬಿಡ್ರಿ, ನನ್ನ ಗ್ಯಾಸ್ಕೆಟ್ ಹಂಗ ಹೋಗಂಗಿಲ್ಲ" ಎಂದ.

ಕಾಗದದಲ್ಲಿ ಒಪ್ಪಿಕೊಳ್ಳುವುದು ಸುಲಭ. ಭಾನುವಾರ ಬೆಳಿಗ್ಗೆ ಅದೇ ಕಟ್ಟೆಯ ಮುಂದೆ ನಿಂತೆ. ಈ ಸಲ ಮೈಕು ಇರಲಿಲ್ಲ, ಎರಡು ಹಲ್ಲೂ ಇರಲಿಲ್ಲ. ಟ್ಯಾಂಕಿನಲ್ಲಿ ಇದ್ದದ್ದು ವಿಷವಲ್ಲ, ಸುಣ್ಣದ ತಿಳಿ, ಯಾವ ನೀರಾದರೂ ಬಿಡಿ ಎಂದವನು ನಾನು, ತಪ್ಪು ನನ್ನದು. ಮೂರು ವಾಕ್ಯ. ನನ್ನ ಜೀವನದ ಅತಿ ಚಿಕ್ಕ ಭಾಷಣ.

ಪೊರಕೆಯ ಮುದುಕಿ ಜನರನ್ನು ಸರಿಸಿಕೊಂಡು ಬಂದಳು, ಬಗ್ಗಿ ಚಪ್ಪಲಿ ತೆಗೆದಳು, ನನ್ನ ಕೆನ್ನೆಗೆ ಬಾರಿಸಿದಳು. ಒಂದೇ ಏಟು. ಹೊಲಿಗೆ ಬಿಚ್ಚಿ ರಕ್ತ ಗದ್ದಕ್ಕೆ ಇಳಿಯಿತು.

"ಇದು ನನ್ನ ಮೊಮ್ಮಗಳ ನಾಲಿಗಿದು," ಎಂದಳು. ಚಪ್ಪಲಿ ಕಾಲಿಗೆ ಹಾಕಿಕೊಂಡಳು. "ಬರ್ರಿ, ಚಾ ಕುಡದು ಹೋಗ್ರಿ."

ಚಹಾ ಯಾವ ನೀರಿನದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ವಾಟರ್‌ಮ್ಯಾನ್ ಜನರ ಹಿಂದೆ ಗೋಡೆಗೆ ಒರಗಿ ನಿಂತಿದ್ದವನು ಅಷ್ಟರಲ್ಲಿ ಹೊರಟುಹೋಗಿದ್ದ.

ಒಂಬತ್ತು ದಿನದ ನಂತರ ಅವನೇ ರಾಯಚೂರಿಗೆ ಬಂದ. ಹೆಗಲ ಮೇಲೆ ಗೋಣಿಚೀಲ. ಸೋದರಸೊಸೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಚೀಲವನ್ನು ಮೇಜಿನ ಮೇಲೆ ಇಳಿಸಿದ. ಒಳಗೆ ನಮ್ಮ ಕಾಳು. ಕಟ್ಟೆಯ ಸುತ್ತಿನ ಮಣ್ಣನ್ನೆಲ್ಲ ಬಳಿದು, ಜರಡಿ ಹಿಡಿದು, ಕೈಯಿಂದ ಆರಿಸಿ ತಂದಿದ್ದ.

"ಒಡದಾವ ನಾನ, ಬಳದಾವನೂ ನಾನ. ತೊಳದ್ರ ಮತ್ತ ಬರ್ತಾವೇನ್ರಿ ಸರ?"

"ಇದೆಲ್ಲ ಹೋಯ್ತು ಬಿಡೋ ಮಾವ," ಎಂದಳು ಅವಳು.

"ಊರಾಗ ನನ್ನ ಹೆಸರು ಯಾಕ ಹೇಳ್ಲಿಲ್ರಿ?" ಎಂದು ಅವನು ನನ್ನನ್ನು ಕೇಳಿದ.

"ನೀನು ಕೇಳಿದ್ದೆ, ನಾನು ಹೇಳಿದ್ದೆ. ನಿನ್ನದೇನಿದೆ ಅದರಲ್ಲಿ?"

ಅವನು ನನ್ನ ಬಾಯಿಯನ್ನೇ ನೋಡಿದ. "ಆ ಹಲ್ಲು ನನ್ನ ಮೊಣಕೈದಾಗ ಹೋದವ್ರಿ. ಮೊದಲು ಮೊಣಕೈ, ಆಮ್ಯಾಲೆ ಕಬ್ಬಿಣದ ಹಾರಿ. ಕಾಳು ಆರಿಸುವಾಗ ಅವನ್ನೂ ಹುಡಿಕಿದೆ. ಸಿಗಲಿಲ್ರಿ. ಬೆಳ್ಳಗ ಇದ್ದದ್ದೆಲ್ಲಾ ತಂದೀನಿ, ನೀವ ನೋಡ್ರಿ ಒಮ್ಮೆ."

ಅವಳು ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ.

ಅವನ ಮನಸ್ಸು ನೋಯಬಾರದೆಂದು ಅವಳು ಒಂದು ಹಿಡಿ ಕಾಳು ತೊಳೆದು ಅಳೆದಳು. ಮತ್ತೆ ಅಳೆದಳು. ಮೂರು ತಿಂಗಳು ಹಿಡಿದಿದ್ದ ಫ್ಲೋರೈಡ್ ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಸುಣ್ಣದ ನೀರು ಅದನ್ನು ಖಾಲಿ ಮಾಡಿತ್ತು. ಕ್ಷಾರ ಪೂರ್ತಿ ಹೋಗಲೆಂದು, ಕ್ಷೌರದಂಗಡಿಯಲ್ಲಿ ಗಾಯಕ್ಕೆ ತಿಕ್ಕುವ ಪಟಿಕವನ್ನು ಕರಗಿಸಿ ಆ ನೀರಿನಲ್ಲಿ ಕಾಳನ್ನು ತೊಳೆದಳು. ಪಟಿಕದಲ್ಲಿಯೂ ಅಲ್ಯೂಮಿನಿಯಮ್ಮೇ. ಕಾಳು ಹೆಚ್ಚೂಕಡಿಮೆ ಹೊಸದರಷ್ಟೇ ಹಿಡಿಯಿತು.

ನಮ್ಮ ಮೂರನೆಯ ಅಧ್ಯಾಯದ ಪ್ರಕಾರ, ದಣಿದ ಕಾಳನ್ನು ಮತ್ತೆ ಹದಕ್ಕೆ ತರಲು ರಾಯಚೂರಿನಿಂದ ಕಾಸ್ಟಿಕ್ ಸೋಡಾ ಒಯ್ಯಬೇಕಿತ್ತು. ಅದು ಕೈ ಸುಡುವ, ಕಣ್ಣು ತೆಗೆಯುವ ಸರಕು. ಆ ಕೆಲಸವನ್ನು ಆ ಊರು ತನ್ನ ಸುಣ್ಣದಿಂದ ತಿಳಿಯದೆಯೇ ಮಾಡಿ ಮುಗಿಸಿತ್ತು, ಮೊದಲ ನೀರು ಚೆಲ್ಲುವುದೊಂದನ್ನು ಬಿಟ್ಟು. ಅದನ್ನು ಬಿಡಿಸಿದವನು ನಾನು.

ಆರು ಸುತ್ತು ಪ್ರಯೋಗಾಲಯದಲ್ಲಿ ಸುಣ್ಣ, ಪಟಿಕ, ನೀರು ಎಂದು ತಿರುಗಿಸಿ ನೋಡಿದೆವು. ನಾಲ್ಕನೆಯ ಸುತ್ತಿನಲ್ಲಿ ಕಾಳಿನ ಮೇಲೆ ಸುಣ್ಣ ಗಟ್ಟಿ ಕೂತು ಕೆಲಸ ಕೆಟ್ಟಿತು. ಗಸಿ ಇಲ್ಲದ ಸುಣ್ಣದ ತಿಳಿಯನ್ನೇ ಬಳಸಬೇಕೆಂದು ಗೊತ್ತಾಯಿತು. ಚೆಲ್ಲುವ ನೀರಿಗೆ ಸಿಮೆಂಟಿನ ಗುಂಡಿ ಬೇಕೆಂದೂ ಬರೆದೆವು. ಸಮಿತಿ ಮತ್ತೆ ಅನುಮತಿ ಕೊಟ್ಟಿತು, ಊರೂ ಕೊಟ್ಟಿತು. ಎರಡರಲ್ಲಿ ಊರಿನ ಸಭೆಯೇ ಹೆಚ್ಚು ಪ್ರಶ್ನೆ ಕೇಳಿತು. ಹೊಸ ಕಂಬಕ್ಕೆ ವಾಟರ್‌ಮ್ಯಾನ್ ಸರಪಳಿ ಬೀಗ ಹಾಕಿದ. ಸುಣ್ಣ ಹೊಡೆದ ಮೇಲೆ, ನೀರಿಗೆ ಅದ್ದಿದ ಕ್ಷಾರದ ಕಾಗದ ನೀಲಿಯಾಗುತ್ತಿರುವವರೆಗೆ ಯಾರು ಬಂದರೂ ನಲ್ಲಿ ತೆಗೆಯುವುದಿಲ್ಲ. ಒಮ್ಮೆ ನಾನೇ ಬಾಯಾರಿ ಕೇಳಿದಾಗ, "ನಿಮ್ಮ ಮಾತು ಕೇಳಂಗಿಲ್ರಿ ಸರ, ಕಾಗದದ ಮಾತು ಕೇಳ್ತೀನಿ" ಎಂದ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಈ ಸುಣ್ಣದ ವಿಧಾನ ಯಾರದೆಂದು ಕೇಳಿದರು.

"ನಮ್ಮ ಮಾವನದು," ಎಂದಳು.

"ಅವರು ಯಾವ ಸಂಸ್ಥೆಯಲ್ಲಿದ್ದಾರೆ?"

"ಗ್ರಾಮ ಪಂಚಾಯ್ತಿ, ಸರ್."

ಪರೀಕ್ಷಕರು ಅದನ್ನು ಬರೆದುಕೊಂಡರು. ಅವಳಿಗೆ ಪದವಿ ಬಂತು. ನನಗೆ ಕಟ್ಟುಹಲ್ಲು ಹಾಕಿದ್ದಾರೆ. ಆ ಊರಿನ ನಲ್ಲಿಯ ನೀರಿನಲ್ಲಿ ಫ್ಲೋರೈಡ್ ಕಳೆದ ವಾರ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇತ್ತು.